ಮೊಟ್ಟೆ ಇಟ್ಟ ಮಣ್ಣು: ಡೈನೋಸಾರ್ ಗೂಡುಗಳನ್ನು ಹುಡುಕಿಕೊಂಡು ನರ್ಮದೆಯ ಕಡೆಗೆ

ಶನಿವಾರ, ನಾಗಪುರ

ಅಕ್ಕನ ಮಗಳು ಡೈನೋಸಾರ್‌ಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ ಎಂದರೆ ವಿಜಯಪುರದಲ್ಲಿ ಎಲ್ಲರೂ ಮೊದಲು ಕೇಳುವುದು ಎಲುಬಿನ ವಿಚಾರ. ಎಷ್ಟು ಉದ್ದದ್ದು ಸಿಕ್ಕಿತು, ಎಲ್ಲಿ ಇಟ್ಟಿದ್ದಾರೆ ಎಂದು. ಅವಳ ಕೆಲಸ ಎಲುಬಿನದಲ್ಲ. ಆ ಪ್ರಾಣಿಗಳು ಏನು ತಿಂದವು, ಎಲ್ಲಿ ನೀರು ಕುಡಿದವು, ಎಂಥ ನೆಲ ನೋಡಿ ಮೊಟ್ಟೆ ಇಟ್ಟವು, ಮರಿಗಳನ್ನು ಯಾರು ತಿಂದರು ಎಂಬುದು ಅವಳ ವಿಷಯ. ಅದರಲ್ಲೂ ಅವಳು ಆರಿಸಿಕೊಂಡದ್ದು ಗೂಡಿನ ಮಣ್ಣನ್ನು. ನಾನು ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಸೇವೆಯ ಬಹುಭಾಗ ಕಳೆದು ನಿವೃತ್ತನಾದವನು. "ಮಾಮಾ, ಈ ಸಲ ನೀವೂ ಬರ್ರಿ. ಮಣ್ಣು ನೋಡಿ ಪಳಗಿದ ಕಣ್ಣು ನನಗ ಬೇಕಾಗ್ಯಾವ" ಎಂದು ಫೋನ್ ಮಾಡಿದಳು. ಎಳ್ಳಮಾಸಿ ಮುಗಿದಿತ್ತು. ಹೊಲದಲ್ಲಿ ಬಿಳಿಜೋಳ ಹೊಡೆ ಬಿಚ್ಚಿ ನಿಂತಿತ್ತು. ಹೊರಟೆ.

ಸೊಲ್ಲಾಪುರದಲ್ಲಿ ಹತ್ತಿದ ರೈಲು ನಾಗಪುರ ಮುಟ್ಟುವವರೆಗೆ ಕಿಟಕಿಯಲ್ಲಿ ಕಂಡದ್ದು ಹೆಚ್ಚುಕಡಿಮೆ ಒಂದೇ ನೆಲ. ಕರಿ ಎರೆ, ನಡುನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಬೋಳು ಗುಡ್ಡ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ ಪದರದ ಮೇಲೆ ಪದರ ಕೂತು ದಖ್ಖನ್ ಟ್ರ್ಯಾಪ್ ಆಯಿತು. ಸವೆದು ಉಳಿದಿರುವುದೇ ಇಂದಿಗೂ 5 ಲಕ್ಷ ಚದರ ಕಿಲೋಮೀಟರ್ ಆಸುಪಾಸು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ, ಬೀದರ ಕಡೆಯ ಎರೆ ಹೊಲಗಳು ಬಹುಮಟ್ಟಿಗೆ ಅದೇ ಕಲ್ಲು ಕೊಳೆತು ಆದ ಮಣ್ಣು. ಆ ಲಾವಾ ಹರಿದದ್ದು ಖಾಲಿ ನೆಲದ ಮೇಲಲ್ಲ. ಅಲ್ಲಿ ಹೊಳೆ, ಕೆರೆ, ಗಿಡಮರ, ಪ್ರಾಣಿ ಎಲ್ಲ ಇದ್ದವು. ಆ ನೆಲವೇ ಈಗ ಕಲ್ಲಾಗಿ ಟ್ರ್ಯಾಪ್‌ನ ಕೆಳಗೆ ಮಲಗಿದೆ. ಭೂವಿಜ್ಞಾನಿಗಳು ಅದನ್ನು ಲಮೇಟಾ ಶಿಲಾಸ್ತರ ಎನ್ನುತ್ತಾರೆ. ಲಾವಾದ ಅಂಚು ಸವೆದಲ್ಲಿ, ನದಿ ಕೊರೆದಲ್ಲಿ ಮಾತ್ರ ಅದು ಹೊರಗೆ ಕಾಣುತ್ತದೆ: ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆ, ಮಧ್ಯಪ್ರದೇಶದ ಜಬಲ್ಪುರ ಮತ್ತು ಬಾಗ್, ಗುಜರಾತಿನ ಬಾಲಾಸಿನೋರ್. ನಮ್ಮ ದಾರಿಯೂ ಅದೇ ಕ್ರಮದಲ್ಲಿತ್ತು.

ನಾಗಪುರದಲ್ಲಿ ಅವಳು ಮೊದಲೇ ಬಂದು ಕಾಯುತ್ತಿದ್ದಳು. ನಾನು ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಅವಳ ಚೀಲಕ್ಕೆ ಹೋಯಿತು. ಅವಳ ಉಳಿ, ಕುಂಚ, ಅಳತೆ ಟೇಪಿನ ಭಾರ ನನ್ನ ಚೀಲಕ್ಕೆ ಬಂತು.

ಭಾನುವಾರ, ಪಿಸ್ದುರಾ

ವರೋರಾ ಪಟ್ಟಣದಿಂದ ಜೀಪು ಮಾಡಿಕೊಂಡು ಪಿಸ್ದುರಾ ಎಂಬ ಹಳ್ಳಿಗೆ ಹೋದೆವು. ಹತ್ತಿ ಬಿಡಿಸುವ ಕಾಲ, ತೊಗರಿಯ ಕಟಾವು. ಎರೆಯ ನಡುವೆ ಅಲ್ಲಲ್ಲಿ ಕೆಂಪು ಜೇಡಿ ನೆಲ ಕಾಣಿಸಿತು. ಆ ಕೆಂಪು ಲಮೇಟಾ. ಹೊಳೆ ತುಂಬಿ ಬಂದಾಗ ದಂಡೆಯಾಚೆ ಹರಡಿದ ರೇವೆ ಒಣಗಿ ಆದದ್ದು ಎಂದು ಅವಳು ತೋರಿಸಿದಳು.

ಈ ಹೊಲಗಳು ಹೆಸರಾದದ್ದು ಸಗಣಿಗೆ. ಕಲ್ಲಾದ ಸಗಣಿ. ಚಾರ್ಲ್ಸ್ ಮ್ಯಾಟ್ಲಿ ಎಂಬ ಬ್ರಿಟಿಷ್ ಭೂವಿಜ್ಞಾನಿ 1939ರಲ್ಲೇ ಇಲ್ಲಿಯ ಸಗಣಿಗಲ್ಲುಗಳ ಬಗ್ಗೆ ಬರೆದಿದ್ದರು. ಅದರ ಒಳಗೆ ಏನಿದೆ ಎಂಬುದನ್ನು ಜಗತ್ತು ಗಮನಿಸಿದ್ದು 2005ರಲ್ಲಿ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್, ಸ್ವೀಡನ್ನಿನ ಕ್ಯಾರೊಲಿನ್ ಸ್ಟ್ರೊಂಬರ್ಗ್, ಅಶೋಕ್ ಸಾಹ್ನಿ ಮೊದಲಾದವರು ಅದನ್ನು ಕರಗಿಸಿ ಸೋಸಿ, ಉಳಿದ ಸಿಲಿಕಾ ಕಣಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹುಲ್ಲಿನ ಜಾತಿಯ ಗಿಡಗಳು ಮಣ್ಣಿನಿಂದ ಸಿಲಿಕಾ ಹೀರಿ ಎಲೆಯ ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತವೆ. ಭತ್ತದ ಗರಿ ಕೈ ಕೊಯ್ಯುವುದು ಅದರಿಂದಲೇ. ಎಲೆ ಕೊಳೆತರೂ ಆ ಕಣ ಕೊಳೆಯುವುದಿಲ್ಲ, ಮತ್ತು ಕಣದ ಆಕಾರ ನೋಡಿ ಯಾವ ಗುಂಪಿನ ಹುಲ್ಲು ಎಂದು ಹೇಳಬಹುದು. ಸಗಣಿಗಲ್ಲಿನಲ್ಲಿ ತಾಳೆ ಜಾತಿಯ ಮರಗಳ, ಸೂಚಿಪರ್ಣಿಗಳ, ಬೇರೆ ಹೂಗಿಡಗಳ ಗುರುತುಗಳ ಜೊತೆಗೆ ಕನಿಷ್ಠ ಐದು ಬಗೆಯ ಹುಲ್ಲು ಸಿಕ್ಕವು. ಡೈನೋಸಾರ್‌ಗಳ ಕಾಲದಲ್ಲಿ ಹುಲ್ಲು ಇರಲಿಲ್ಲ ಎಂದೇ ಅಲ್ಲಿಯವರೆಗೆ ಹೆಚ್ಚಿನವರು ನಂಬಿದ್ದರು. ಭತ್ತದ ಬಳಗದ ಹುಲ್ಲುಗಳು ಆಗಲೇ ಕವಲೊಡೆದಿದ್ದವು ಎಂದು 2011ರ ಇನ್ನೊಂದು ಅಧ್ಯಯನ ತೋರಿಸಿತು.

"ಈ ಸಗಣಿ ಟೈಟನೊಸಾರ್‌ದ್ದೇ ಅಂತ ಹ್ಯಾಂಗ ಹೇಳ್ತೀರವ್ವಾ?" ಎಂದು ಕೇಳಿದೆ.

"ಹತ್ರದಾಗ ಅವುಗಳ ಎಲುಬು ಸಿಕ್ಕಾವ್ರಿ ಮಾಮಾ. ಗಾತ್ರ, ಒಳಗಿನ ಸೊಪ್ಪು ಹೊಂದತಾವ. ಆದ್ರ ಹಾಕಿದವರು ಹೆಸರು ಬರದು ಹೋಗಿಲ್ಲಲ್ರಿ" ಎಂದಳು.

ಅವಳ ಮಾತಿನಲ್ಲಿ ನನಗೆ ಹಿಡಿಸಿದ್ದು ಇದು. ಎಷ್ಟು ಗಟ್ಟಿಯಾಗಿ ಹೇಳಬಹುದೋ ಅಷ್ಟೇ ಹೇಳುತ್ತಾಳೆ. ಟೈಟನೊಸಾರ್‌ಗಳು ಉದ್ದ ಕತ್ತಿನ, ನಾಲ್ಕು ಕಾಲಿನ ಸಸ್ಯಾಹಾರಿಗಳು. ಹುಲ್ಲನ್ನೇ ಮೇಯ್ದು ಬದುಕಿದವು ಎನ್ನುವಂತಿಲ್ಲ, ಬಾಯಿಗೆ ಸಿಕ್ಕಿದ್ದರಲ್ಲಿ ಹುಲ್ಲೂ ಇತ್ತು ಎನ್ನಬಹುದು. ಆ ಸಂಶೋಧಕರು ಇನ್ನೊಂದು ಎಳೆಯನ್ನೂ ಹಿಡಿದಿದ್ದರು. ಅದೇ ಕಾಲದ ಒಂದು ಚಿಕ್ಕ ಸಸ್ತನಿ ಗುಂಪಿಗೆ ಎತ್ತರದ ಹಲ್ಲುಗಳಿದ್ದವು. ಒರಟು ಮೇವು ಅಗಿದು ಸವೆಯುವ ಹಲ್ಲಿಗೆ ಬೇಕಾದ ಎತ್ತರ ಅದು. ಆ ಹಲ್ಲು ಯಾತಕ್ಕೆ ಎಂಬ ಪ್ರಶ್ನೆಗೆ ಈ ಹುಲ್ಲು ಒಂದು ಉತ್ತರ ಇರಬಹುದು.

ಮಧ್ಯಾಹ್ನ ಪಕ್ಕದ ಡೋಂಗರಗಾಂವ್ ಗುಡ್ಡಕ್ಕೆ ಹೋಗಿ ಬಂದೆವು. 1980ರ ದಶಕದಲ್ಲಿ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯವರು ಇಲ್ಲಿ ಒಂದು ಟೈಟನೊಸಾರ್‌ನ ದೇಹದ ಬಹಳಷ್ಟು ಎಲುಬುಗಳನ್ನು ಹೊರತೆಗೆದರು. ಆ ಪ್ರಾಣಿಗೆ ಈಗಿರುವ ಹೆಸರು ಐಸಿಸಾರಸ್. ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನೇ ಸೇರಿಸಿ ಇಟ್ಟದ್ದು. ಗುಡ್ಡದ ಮೇಲೆ ನಿಂತರೆ ಕಾಣುವುದು ಹೊಲ, ಹೊಲ, ಹೊಲ. ಫಲಕ, ಬೇಲಿ ಯಾವುದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ದಾರಿಯಲ್ಲಿ ಸಿಕ್ಕ ಒಬ್ಬ ಮುದುಕರು ಮಾತ್ರ ತಾವಾಗಿ ಬಂದು, "ಹಾಡಂ ಪಾಹಾಯಲಾ ಆಲಾತ ಕಾ?" ಎಂದು ಮರಾಠಿಯಲ್ಲಿ ವಿಚಾರಿಸಿದರು. ಎಲುಬು ನೋಡಲು ಬಂದಿರಾ ಎಂದು. ನನಗೆ ಆ ಪ್ರಶ್ನೆ ಕೇಳಿಯೇ ಧೈರ್ಯ ಬಂತು. ನೆಲದ ಬೆಲೆ ಗೊತ್ತಿರುವವರು ಊರಿನಲ್ಲಿದ್ದಾರೆ.

ಸೋಮವಾರ, ದಾರಿಯಲ್ಲಿ

ನಾಗಪುರಕ್ಕೆ ಮರಳಿ, ಸಿವನಿ ಮಾರ್ಗವಾಗಿ ಜಬಲ್ಪುರಕ್ಕೆ ಬಸ್ಸು. ತೇಗದ ಕಾಡು, ಮಂಜು. ಇಬ್ಬರೂ ನಿದ್ದೆ ಮಾಡಿದೆವು.

ಮಂಗಳವಾರ, ಜಬಲ್ಪುರ

ಭಾರತದ ಡೈನೋಸಾರ್ ಕಥೆ ಶುರುವಾಗುವುದೇ ಈ ಊರಿನ ಒಂದು ಗುಡ್ಡದಲ್ಲಿ. 1828ರಲ್ಲಿ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿ, ಠಗ್ಗರನ್ನು ಹತ್ತಿಕ್ಕಿದವನೆಂದು ಇತಿಹಾಸದ ಪುಸ್ತಕಗಳಲ್ಲಿ ಬರುವವನು, ಬಡಾ ಸಿಮ್ಲಾ ಗುಡ್ಡದಲ್ಲಿ ಕಲ್ಲಾದ ಎಲುಬುಗಳನ್ನು ಕಂಡ. ರಿಚರ್ಡ್ ಓವನ್ 'ಡೈನೋಸಾರ್' ಎಂಬ ಹೆಸರನ್ನು ಕಟ್ಟುವುದಕ್ಕೆ ಇನ್ನೂ 14 ವರ್ಷ ಇತ್ತು. ಆ ಬಾಲದ ಮಣಿಗಳು ಕೈಯಿಂದ ಕೈಗೆ ದಾಟಿ ಕಲ್ಕತ್ತೆ ಸೇರಿದವು. 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಅವುಗಳಿಗೆ ಟೈಟನೊಸಾರಸ್ ಇಂಡಿಕಸ್ ಎಂದು ಹೆಸರಿಟ್ಟ. ಒಂದು ಜಾತಿಯನ್ನು ಬೇರೆ ಮಾಡಿ ಗುರುತಿಸಲು ಆ ಮಣಿಗಳಲ್ಲಿ ಸಾಕಷ್ಟು ಲಕ್ಷಣಗಳಿಲ್ಲ ಎಂದು ಈಗಿನ ವಿದ್ವಾಂಸರು ಆ ಹೆಸರನ್ನು ಬದಿಗಿಟ್ಟಿದ್ದಾರೆ. ಆದರೂ ಜಗತ್ತಿನ ಎಲ್ಲ ಖಂಡಗಳಲ್ಲೂ ಸಿಕ್ಕಿರುವ ಒಂದು ದೊಡ್ಡ ಗುಂಪಿನ ಹೆಸರು ಜಬಲ್ಪುರದ ಈ ಗುಡ್ಡದಿಂದಲೇ ಹೋದದ್ದು. ಮೂಲ ಮಣಿಗಳು ಕಳೆದೇ ಹೋದವು ಎಂದುಕೊಂಡಿದ್ದರು. 2012ರಲ್ಲಿ ಧನಂಜಯ ಮೋಹಬೆ ಮತ್ತು ಸುಭಾಸಿಸ್ ಸೇನ್ ಕೋಲ್ಕತ್ತದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸಂಗ್ರಹದಲ್ಲಿ ಹುಡುಕಿ ತೆಗೆದರು.

ಬಡಾ ಸಿಮ್ಲಾ ಇರುವುದು ತೋಪುಗಾಡಿ ಕಾರ್ಖಾನೆಯ ಪ್ರದೇಶದಲ್ಲಿ. ಅನುಮತಿ ಇದ್ದಷ್ಟು ಜಾಗ ನೋಡಿಕೊಂಡು ಲಮೇಟಾ ಘಾಟಿಗೆ ಇಳಿದೆವು. ಪ್ರವಾಸಿಗರೆಲ್ಲ ಭೇಡಾಘಾಟಿನ ಅಮೃತಶಿಲೆಯ ಬಂಡೆಗಳಿಗೆ, ಧುಆಂಧಾರ್ ಜಲಪಾತಕ್ಕೆ ಹೋಗುತ್ತಾರೆ. ಅದು ಸುಂದರವಾದದ್ದು, ನಾನೂ ಸಂಜೆ ಹೋಗಿ ನೋಡಿದೆ. ಆದರೆ ನನ್ನ ಇಡೀ ಪ್ರವಾಸದ ದೊಡ್ಡ ಕ್ಷಣ ಬಂದದ್ದು ಲಮೇಟಾ ಘಾಟಿನ ಒಂದು ಮಾಸಲು ಬಿಳಿ ಕಲ್ಲಿನ ಮುಂದೆ.

ನರ್ಮದೆಯ ದಂಡೆಯಲ್ಲಿ ಪದರಗಳು ಒಂದರ ಮೇಲೊಂದು ಕೂತಿವೆ. ತಳದಲ್ಲಿ ಹಸಿರು ಮರಳುಗಲ್ಲು, ಅದರ ಮೇಲೆ ಕೆಳಗಿನ ಸುಣ್ಣಗಲ್ಲು, ಆಮೇಲೆ ಬಣ್ಣಬಣ್ಣದ ಕಲೆಗಳ ಗಂಟುಗಂಟಾದ ಪದರ, ಹೀಗೆ. "ಈ ಕೆಳಗಿನ ಸುಣ್ಣಗಲ್ಲನ್ನ ನೋಡ್ರಿ, ಆದ್ರ ನಾ ಏನೂ ಹೇಳೂದಿಲ್ಲ. ನಿಮಗ ಏನು ಕಾಣಸ್ತದ ಹೇಳ್ರಿ" ಎಂದು ಅವಳು ದೂರ ಹೋಗಿ ಕೂತಳು.

ಕೂತು ನೋಡಿದೆ. ಸುಣ್ಣದ ಹರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಬೇರು ಹೋದ ದಾರಿಯ ಸುತ್ತ ಸುಣ್ಣ ಕಟ್ಟಿ ಕೊಳವೆಯಾಗಿದೆ. ಬಿರುಕು ಬಿಟ್ಟು, ಬಿರುಕಿನಲ್ಲಿ ಮಣ್ಣು ಇಳಿದು, ಮತ್ತೆ ಸುಣ್ಣ ತುಂಬಿ ಗಟ್ಟಿಯಾಗಿದೆ. ಅದರ ಮೇಲಿನ ಪದರದಲ್ಲಿ ಕೆಂಪು, ಹಸಿರು ಮಿಶ್ರಿತ ಬೂದು ಕಲೆಗಳು. ನೀರು ನಿಂತಾಗ ಕಬ್ಬಿಣ ಒಂದು ಬಣ್ಣ ತಾಳುತ್ತದೆ, ಒಣಗಿ ಗಾಳಿ ಆಡಿದಾಗ ಇನ್ನೊಂದು. ಮೂವತ್ತು ವರ್ಷ ರೈತರು ತಂದ ಮಣ್ಣಿನಲ್ಲಿ, ಗುಂಡಿ ತೋಡಿಸಿ ಇಳಿದ ಹೊಲಗಳಲ್ಲಿ ನೋಡಿದ್ದೆಲ್ಲ ಇಲ್ಲಿ ಕಲ್ಲಾಗಿತ್ತು.

"ಇದು ಕಲ್ಲಲ್ಲವ್ವಾ, ಹೊಲ" ಎಂದೆ. "ಮಳೆ ಕಡಿಮಿ, ಬಂದ್ರ ಒಮ್ಮಿಗೇ ಬರೂ ನಾಡಿನ ಮಣ್ಣು. ಸುಣ್ಣ ತೊಳದು ಹೋಗೂವಷ್ಟು ನೀರು ಕೆಳಗ ಇಳಿದಿಲ್ಲ."

ಅವಳ ಮುಖ ಅರಳಿತು. 1980ರ ದಶಕದಲ್ಲಿ ಈ ಪದರಗಳ ಬಗ್ಗೆ ದೊಡ್ಡ ವಾದ ನಡೆದಿತ್ತಂತೆ. ಒಂದು ಕಡೆಯವರು ಇದು ಸಮುದ್ರ ದಂಡೆಯ ಕೆಸರು ಎಂದರು, ಇನ್ನೊಂದು ಕಡೆಯವರು ಒಣನಾಡಿನ ಮಣ್ಣು ಎಂದರು. ಮಣ್ಣಿನ ಲಕ್ಷಣಗಳನ್ನು ಒಂದೊಂದಾಗಿ ಗುರುತಿಸುತ್ತ ಹೋದಂತೆ ಎರಡನೆಯ ಮಾತೇ ನಿಂತಿತು. ಅದು ಬರೀ ಪದರದ ವಾದವಲ್ಲ. ಸಮುದ್ರ ದಂಡೆಯಾದರೆ ಡೈನೋಸಾರ್‌ಗಳು ಆಮೆಗಳಂತೆ ಮರಳಿಗೆ ಬಂದು ಮೊಟ್ಟೆ ಇಟ್ಟವು ಎಂದಾಗುತ್ತದೆ. ಒಣನಾಡಿನ ಮಣ್ಣಾದರೆ ಮಳೆ, ಬೇಸಿಗೆ, ಕೆರೆ ಬತ್ತುವ ಕಾಲ ಎಲ್ಲ ನೋಡಿಕೊಂಡು ಇಟ್ಟವು ಎಂದಾಗುತ್ತದೆ. ಮಣ್ಣನ್ನು ಏನೆಂದು ಓದುತ್ತೇವೋ ಅದರ ಮೇಲೆ ಪ್ರಾಣಿಯ ಬದುಕೇ ಬದಲಾಗುತ್ತದೆ.

ಬುಧವಾರ, ಗುರುವಾರ: ಬಾಗ್

ಜಬಲ್ಪುರದಿಂದ ರಾತ್ರಿ ರೈಲಿಗೆ ಇಂದೋರ್. ಬೆಳಿಗ್ಗೆ ಪೋಹಾ, ಜಿಲೇಬಿ. ಧಾರ್ ದಾಟಿ ಬಾಗ್ ತಲುಪುವಾಗ ಸಂಜೆ. ಬಾಗ್ ಎಂದರೆ ಬೌದ್ಧ ಗುಹೆಗಳು, ಬಾಗ್ ಪ್ರಿಂಟ್ ಬಟ್ಟೆ ಎಂದು ಓದಿದ್ದೆ. ಆ ಎರಡನ್ನೂ ಈ ಸಲ ಬಿಟ್ಟೆವು. ಊರಿನ ಹೊರಗಿನ ಹಳ್ಳದಲ್ಲಿ ಅವಳು ಸಿಂಪಿಗಳು, ಸಮುದ್ರ ಮುಳ್ಳುಗುಂಡುಗಳು ಕಲ್ಲಾಗಿ ಅಂಟಿಕೊಂಡಿದ್ದ ಸುಣ್ಣಗಲ್ಲು ತೋರಿಸಿದಳು. ಸುಮಾರು 9 ಕೋಟಿ ವರ್ಷಗಳ ಹಿಂದೆ ಈಗಿನ ನರ್ಮದಾ ಕಣಿವೆಯ ಗುಂಟ ಸಮುದ್ರ ಒಳನುಗ್ಗಿತ್ತು. ಅದು ಹಿಂದೆ ಸರಿದ ಎಷ್ಟೋ ಕಾಲದ ಮೇಲೆ ಅದೇ ನೆಲಕ್ಕೆ ಟೈಟನೊಸಾರ್‌ಗಳು ಬಂದವು.

ಗುರುವಾರ ಬೆಳಕು ಹರಿಯುವ ಮುಂಚೆ ಪಾಡಲ್ಯಾ ಹಳ್ಳಿಯ ಕಡೆ ಹೊರಟೆವು. ಭಿಲ್ ಮತ್ತು ಭಿಲಾಲ ಜನರ ನಾಡು. ತಾಳೆ ಮರಗಳಿಗೆ ಸೇಂದಿಯ ಗಡಿಗೆ ಕಟ್ಟಿದ್ದರು. ಮೆಕ್ಕೆಜೋಳದ ಕೂಳೆ ಹೊಲದಲ್ಲೇ ನಿಂತಿತ್ತು, ತೇವ ಇದ್ದಲ್ಲಿ ಗೋಧಿ.

ಈ ಭಾಗದ ಗೂಡುಗಳ ಮೇಲೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ಹರ್ಷಾ ಧಿಮಾನ್, ಗುಂಟುಪಲ್ಲಿ ಪ್ರಸಾದ್, ಮನಾವರದ ಶಾಲಾ ಶಿಕ್ಷಕ ವಿಶಾಲ್ ವರ್ಮಾ ಮೊದಲಾದವರ ತಂಡ 2023ರ ಜನವರಿಯಲ್ಲಿ ಪ್ರಕಟಿಸಿದ ಲೇಖನ ಅಕ್ಕನ ಮಗಳಿಗೆ ಬಾಯಿಪಾಠ. 92 ಗೂಡುಗಳು, 256 ಮೊಟ್ಟೆಗಳು, ಮೊಟ್ಟೆಗಳ ಆರು ಬಗೆ. ಮೊಟ್ಟೆಯ ಬಗೆ ಎಂದರೆ ಚಿಪ್ಪಿನ ಒಳರಚನೆಯ ಮೇಲೆ ಕೊಡುವ ಹೆಸರು. ಯಾವ ಪ್ರಾಣಿ ಯಾವ ಮೊಟ್ಟೆ ಇಟ್ಟಿತು ಎಂದು ಅದರಿಂದ ನೇರವಾಗಿ ತಿಳಿಯುವುದಿಲ್ಲ, ಆದರೆ ಒಂದೇ ಜಾತಿಯ ಕೆಲಸವಲ್ಲ ಎಂಬುದಂತೂ ತಿಳಿಯುತ್ತದೆ.

ಮೊದಲ ಗೂಡು ತೋರಿಸಿದಾಗ ಎರಡು ಸಲ ನೋಡಬೇಕಾಯಿತು. ದಾರಿಯ ಬದಿಯ ಬಂಡೆಯಲ್ಲಿ, ನೆಲಮಟ್ಟಕ್ಕೆ, ದುಂಡು ದುಂಡು ಗೆರೆಗಳು. ಮಳೆ ಗಾಳಿಗೆ ಮೇಲ್ಭಾಗ ಸವೆದು ಮೊಟ್ಟೆಗಳು ಅಡ್ಡ ಕೊಯ್ದಂತೆ ಕಾಣುತ್ತವೆ. ಪ್ರತಿ ಸುತ್ತಿನ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ದಪ್ಪದ ಕಂದು ಚಿಪ್ಪು. ಅಡ್ಡಳತೆ 15ರಿಂದ 17 ಸೆಂಟಿಮೀಟರ್. ಹತ್ತಾರು ಟನ್ ತೂಗುತ್ತಿದ್ದ ತಾಯಿಯ ಮೊಟ್ಟೆ ಉಷ್ಟ್ರಪಕ್ಷಿಯದಕ್ಕಿಂತ ತುಸುವೇ ದೊಡ್ಡದು. ಇದಕ್ಕಿಂತ ಬಹಳ ದೊಡ್ಡದಾದರೆ ಚಿಪ್ಪು ದಪ್ಪವಾಗಬೇಕು, ದಪ್ಪವಾದರೆ ಮರಿಗೆ ಗಾಳಿ ಆಡುವುದಿಲ್ಲ, ಒಡೆದು ಹೊರಬರಲೂ ಆಗುವುದಿಲ್ಲ. ಹಾಗಾಗಿ ಚಿಕ್ಕ ಮೊಟ್ಟೆ, ಹೆಚ್ಚು ಮೊಟ್ಟೆ.

ಬಿಸಿಲು ಏರುವವರೆಗೆ ಅವಳು ಕೆಲಸ ಮಾಡಿದ ರೀತಿ ನೋಡುತ್ತ ಕೂತೆ. ಕುಂಚದಿಂದ ಗುಡಿಸುವುದು, ಅಡ್ಡಳತೆ ಎರಡು ದಿಕ್ಕಿನಲ್ಲಿ ತೆಗೆಯುವುದು, ಮೊಟ್ಟೆಯಿಂದ ಮೊಟ್ಟೆಗೆ ದೂರ, ಗೂಡಿನಿಂದ ಗೂಡಿಗೆ ದೂರ, ಚೌಕುಳಿ ಹಾಳೆಯಲ್ಲಿ ನಕ್ಷೆ, ಫೋಟೋ. ಗೂಡಿಗೆ ಸುತ್ತಿಗೆ ಮುಟ್ಟಿಸಲಿಲ್ಲ. ಅನುಮತಿ ಪತ್ರದಲ್ಲಿ ಇದ್ದಂತೆ ಕೊರಕಲಿನಲ್ಲಿ ಉದುರಿ ಬಿದ್ದ ಚಿಪ್ಪಿನ ಚೂರುಗಳು, ಗೂಡಿನ ಕೆಳಗಿನ ಹಾಗೂ ಬದಿಯ ಮಣ್ಣುಗಲ್ಲಿನ ಸಣ್ಣ ತುಂಡುಗಳು, ಇಷ್ಟನ್ನೇ ತೆಗೆದು ಗುರುತು ಬರೆದು ಚೀಲಕ್ಕೆ ಹಾಕಿದಳು. ಪ್ರಯೋಗಾಲಯದಲ್ಲಿ ಚಿಪ್ಪನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಧ್ರುವೀಕೃತ ಬೆಳಕಿನಲ್ಲಿ ನೋಡುತ್ತಾರೆ. ಬೀಸಣಿಗೆಯಾಕಾರದ ಸುಣ್ಣದ ಸ್ಫಟಿಕಗಳು, ಅವುಗಳ ನಡುವೆ ಉಸಿರಾಟದ ರಂಧ್ರಗಳು. ರಂಧ್ರಗಳನ್ನು ಎಣಿಸಿ, ಅಗಲ ಅಳೆದು, ಚಿಪ್ಪಿನ ಮೂಲಕ ಎಷ್ಟು ನೀರಾವಿ ಹೋಗುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ. ಬಯಲಿನಲ್ಲಿಟ್ಟು ಕಾವು ಕೊಡುವ ಹಕ್ಕಿಯ ಮೊಟ್ಟೆಗೆ ಅಷ್ಟು ರಂಧ್ರ ಇದ್ದರೆ ಒಣಗಿಯೇ ಹೋಗುತ್ತದೆ. ಟೈಟನೊಸಾರ್ ಮೊಟ್ಟೆಗಳು ಹಾಗೆ ಇದ್ದದ್ದರಿಂದ ಅವು ಮಣ್ಣಿನಲ್ಲೋ ಸೊಪ್ಪಿನಲ್ಲೋ ಹುಗಿದಿದ್ದವು ಎಂದು ತಿಳಿಯುತ್ತದೆ. ಗೂಡುಗಳ ನಡುವೆ ದೊಡ್ಡ ಪ್ರಾಣಿ ಓಡಾಡುವಷ್ಟು ಜಾಗ ಇಲ್ಲ. ಇಟ್ಟು, ಮುಚ್ಚಿ, ತಾಯಂದಿರು ಹೊರಟುಹೋದವು.

ಪಾಡಲ್ಯಾದ ಒಂದು ಗೂಡಿನಲ್ಲಿ ಮೊಟ್ಟೆಯೊಳಗೆ ಮೊಟ್ಟೆ ಸಿಕ್ಕಿತ್ತು. ಹತ್ತು ಮೊಟ್ಟೆಗಳಲ್ಲಿ ಒಂದು ಹಾಗಿತ್ತು. ಅದನ್ನು ಅದೇ ತಂಡ 2022ರಲ್ಲಿ ವರದಿ ಮಾಡಿತು. ಕೋಳಿಗಳಲ್ಲಿ ಅಪರೂಪಕ್ಕೆ ಹೀಗಾಗುತ್ತದೆ. ಚಿಪ್ಪು ಕಟ್ಟಿದ ಮೊಟ್ಟೆ ಹೊರಬರದೆ ಹಿಂದಕ್ಕೆ ಸರಿದು, ಮತ್ತೊಂದು ಮೊಟ್ಟೆಯ ಜೊತೆ ಸೇರಿ ಹೊರಗಿನಿಂದ ಇನ್ನೊಂದು ಚಿಪ್ಪು ಕಟ್ಟಿಸಿಕೊಳ್ಳುತ್ತದೆ. ಆಮೆ, ಹಲ್ಲಿಗಳಲ್ಲಿ ಇದು ಕಂಡಿಲ್ಲ, ಅವುಗಳ ಅಂಡನಾಳದ ರಚನೆ ಬೇರೆ. ಹಾಗಾದರೆ ಟೈಟನೊಸಾರ್‌ನ ಅಂಡನಾಳ ಹಕ್ಕಿಗಳ ರೀತಿಯದಿರಬೇಕು, ಒಂದಾದ ಮೇಲೊಂದು ಮೊಟ್ಟೆ ಇಡುತ್ತಿದ್ದಿರಬೇಕು. ಯಾವ ಎಲುಬೂ ಹೇಳಲಾಗದ ಒಳ ಅಂಗದ ವಿಷಯವನ್ನು ಒಂದು ಕೆಟ್ಟ ಮೊಟ್ಟೆ ಹೇಳಿತು. ಹಕ್ಕಿಗಳೂ ಡೈನೋಸಾರ್‌ಗಳ ಕುಲವೇ ಎಂಬುದು ಎಲುಬಿನಿಂದ ಗೊತ್ತಿತ್ತು. ಅವುಗಳ ಮೊಟ್ಟೆ ಇಡುವ ಬಗೆಯೂ ಅಷ್ಟು ಹಳೆಯದಿರಬಹುದು ಎನ್ನುವುದು ಇದರಿಂದ ಬಂದ ಯೋಚನೆ.

ಮಧ್ಯಾಹ್ನ ಒಬ್ಬ ರೈತರ ಮನೆಯಲ್ಲಿ ದಾಲ್ ಪಾನಿಯಾ ಉಂಡೆವು. ಮೆಕ್ಕೆಜೋಳದ ಹಿಟ್ಟನ್ನು ಎಲೆಗಳ ನಡುವೆ ಇಟ್ಟು ಬೆರಣಿ ಕೆಂಡದಲ್ಲಿ ಸುಡುತ್ತಾರೆ. ಊಟದ ಮೇಲೆ ಅವರ ಹೊಲದ ಬದುವಿಗೆ ಕರೆದೊಯ್ದರು. ಕುಂಕುಮ ಹಚ್ಚಿದ ದುಂಡು ಕಲ್ಲು, ಮುಂದೆ ತೆಂಗಿನಕಾಯಿ. ಕಾಕಡ್ ಭೈರವ, ಹೊಲ ಮತ್ತು ದನಕರು ಕಾಯುವ ದೇವರು. ಈ ಭಾಗದಲ್ಲಿ ಪೂಜೆಗೊಳ್ಳುತ್ತಿದ್ದ ಕೆಲವು ದುಂಡುಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು 2023ರ ಕೊನೆಯಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಕೆಲವರು ಆ ಸುದ್ದಿಯನ್ನು ಮೂಢತನದ ಕಥೆಯಂತೆ ಹೇಳಿ ನಕ್ಕರು. ಅದು ನನಗೆ ಒಪ್ಪಿಗೆಯಿಲ್ಲ. ಎಳ್ಳಮಾಸಿಯ ದಿನ ನಾವೂ ಹೊಲದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ ಚರಗ ಚೆಲ್ಲುತ್ತೇವೆ. ಹೊಲದಲ್ಲಿ ಸಿಕ್ಕ ಕಲ್ಲನ್ನು ಒಡೆಯದೆ, ಮಾರದೆ, ತಲೆಮಾರುಗಳಿಂದ ಒಂದೇ ಜಾಗದಲ್ಲಿ ಕಾಪಾಡಿಕೊಂಡು ಬಂದವರು ಇವರು. ಪಳೆಯುಳಿಕೆ ಕಳ್ಳರಿಂದ, ಕಲ್ಲು ಕ್ವಾರಿಗಳಿಂದ ಉಳಿದ ಗೂಡುಗಳಲ್ಲಿ ಒಂದಷ್ಟು ಉಳಿದದ್ದು ಇಂಥವರಿಂದ. ಅಕ್ಕನ ಮಗಳು ಚಪ್ಪಲಿ ಬಿಟ್ಟು ಕೈ ಮುಗಿದಳು, ಅಳತೆ ಟೇಪು ಚೀಲದಲ್ಲೇ ಇತ್ತು. "ನಾಪೋ ನಾ ಬೇಟಿ", ಅಳತೆ ಮಾಡು ಮಗಳೇ, ಎಂದು ರೈತರೇ ಹೇಳಿದ ಮೇಲೆ ದೂರದಿಂದ ಒಂದು ಫೋಟೋ ತೆಗೆದಳು.

ಶುಕ್ರವಾರ, ಬಾಗ್

ಇಡೀ ದಿನ ಒಂದೇ ಕೊರಕಲಿನಲ್ಲಿ. ಗೂಡಿನ ಪದರದಿಂದ ಮೇಲಕ್ಕೆ, ಕೆಳಕ್ಕೆ ಸುಣ್ಣದ ಹರಳುಗಳು ಯಾವ ಆಳದಲ್ಲಿ ಎಷ್ಟು ದಪ್ಪ ಎಂದು ನಾನು ಹೇಳುತ್ತ ಹೋದೆ, ಅವಳು ಬರೆದುಕೊಂಡಳು. ಕೆಲವು ಗೂಡುಗಳು ಕೆರೆಯಂಚಿನ ಕೆಸರಿನಲ್ಲಿ ಇದ್ದವು, ನೀರು ಏರಿ ಮುಳುಗಿ ಒಡೆಯದೆ ಉಳಿದವು ಎಂಬ ವಿವರಣೆ ಪ್ರಕಟವಾಗಿದೆ. ಅದನ್ನು ಮಣ್ಣಿನ ಕಲೆಗಳಿಂದ ಗೂಡು ಗೂಡಿಗೂ ಪರೀಕ್ಷಿಸುವುದು ಅವಳ ಪ್ರಬಂಧದ ಒಂದು ಅಧ್ಯಾಯ. ಚಿಪ್ಪು ಪೂರ್ತಿ ಇರುವ ಮೊಟ್ಟೆಗಳ ಸುತ್ತ ನೀರು ನಿಂತ ಗುರುತು ಇದೆಯೇ? ಒಡೆದು ಮರಿ ಹೊರಬಂದ ಮೊಟ್ಟೆಗಳ ಸುತ್ತ ಇಲ್ಲವೇ? ಪ್ರಶ್ನೆ ಸರಳವಾಗಿದೆ. ಉತ್ತರಕ್ಕೆ ಒಂದೊಂದು ಗೂಡಿನ ಮುಂದೆಯೂ ಮೊಣಕಾಲೂರಬೇಕು.

ಶನಿವಾರ, ರಹಿಯೋಲಿ

ಅಲಿರಾಜಪುರ, ದಾಹೋದ್, ಗೋಧ್ರಾ ಬಳಸಿ ಬಾಲಾಸಿನೋರ್. ಪಕ್ಕದ ರಹಿಯೋಲಿಯಲ್ಲಿ ಪಳೆಯುಳಿಕೆ ಉದ್ಯಾನ, 2019ರಲ್ಲಿ ತೆರೆದ ವಸ್ತುಸಂಗ್ರಹಾಲಯ ಇವೆ. ಬೇಲಿ, ಕಾವಲು, ದಾರಿ ತೋರಿಸುವವರು ಎಲ್ಲ ಇದ್ದಾರೆ. ಬಾಲಾಸಿನೋರ್‌ನ ಹಳೆಯ ರಾಜಮನೆತನದ ಆಲಿಯಾ ಸುಲ್ತಾನಾ ಬಾಬಿ ವರ್ಷಗಟ್ಟಲೆ ಇದರ ರಕ್ಷಣೆಗೆ ದುಡಿದಿದ್ದಾರೆ. ಬಾಗ್ ನೋಡಿ ಬಂದ ಕಣ್ಣಿಗೆ ಇದು ಸಮಾಧಾನ ಕೊಟ್ಟಿತು.

ಇಲ್ಲಿ 1980ರ ದಶಕದ ಮೊದಲ ವರ್ಷಗಳಲ್ಲಿ ಸಿಕ್ಕ ಎಲುಬುಗಳಿಂದ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಮಾಂಸಾಹಾರಿಗೆ ಹೆಸರು ಬಂತು. ತಲೆಯ ಮೇಲೆ ಗಿಡ್ಡ ಕೊಂಬು. ಅದರ ನೆಂಟರು ಮಡಗಾಸ್ಕರ್‌ನಲ್ಲಿ, ದಕ್ಷಿಣ ಅಮೆರಿಕದಲ್ಲಿ ಇದ್ದಾರೆ. ಇಲ್ಲೊಂದು ಗಟ್ಟಿ ಸಮಸ್ಯೆ ಇದೆ. ಭಾರತ ಮಡಗಾಸ್ಕರ್‌ನಿಂದ ಬೇರ್ಪಟ್ಟದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಮೇಲೆ ಉತ್ತರಕ್ಕೆ ತೇಲುತ್ತ ಬಂದ ದ್ವೀಪ ಅದು. ಎರಡು ಕೋಟಿ ವರ್ಷ ಒಂಟಿಯಾಗಿದ್ದ ನೆಲದ ಪ್ರಾಣಿಗಳು ತೀರಾ ಬೇರೆಯಾಗಬೇಕಿತ್ತಲ್ಲ? ಹಳೆಯ ನೆಂಟಸ್ತಿಕೆಯ ಉಳಿಕೆ ಎಷ್ಟು, ನಡುವೆ ದ್ವೀಪದಿಂದ ದ್ವೀಪಕ್ಕೆ ದಾಟಿದ್ದೆಷ್ಟು? ವಿಕಾಸ ಜೀವವಿಜ್ಞಾನದವರು ಇನ್ನೂ ಜಗ್ಗಾಡುತ್ತಿರುವ ಪ್ರಶ್ನೆ. ಅಕ್ಕನ ಮಗಳ ಪ್ರಕಾರ ಎಲುಬು ಕಡಿಮೆ ಸಿಗುವ ನಮ್ಮ ದೇಶದಲ್ಲಿ ಮೊಟ್ಟೆಗಳೂ ಈ ಸಾಕ್ಷ್ಯಕ್ಕೆ ಬರಬೇಕು.

ಇದೇ ಸೀಮೆಯ ಧೋಲಿ ಡುಂಗರಿಯಲ್ಲಿ ಮೋಹಬೆ 1984ರಲ್ಲಿ ತೆಗೆದ ಒಂದು ಗೂಡಿನ ಬಂಡೆಯ ಕಥೆ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಮೊಟ್ಟೆಗಳ ಜೊತೆ ಇದ್ದ ಎಲುಬುಗಳೆಲ್ಲ ಮರಿಯದ್ದೇ ಎಂದು ಮೊದಲು ತಿಳಿದಿದ್ದರು. 2001ರಲ್ಲಿ ಜೆಫ್ ವಿಲ್ಸನ್ ಅವುಗಳಲ್ಲಿ ಹಾವಿನ ಬೆನ್ನುಮಣಿಗಳನ್ನು ಗುರುತಿಸಿದರು. 2010ರಲ್ಲಿ ಸನಾಜೆ ಇಂಡಿಕಸ್ ಎಂದು ಹೆಸರಿಟ್ಟರು. 3.5 ಮೀಟರ್ ಉದ್ದದ ಹಾವು, ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿದೆ, ಪಕ್ಕದಲ್ಲಿ ಅರ್ಧ ಮೀಟರ್ ಉದ್ದದ ಮರಿ. ಆ ಹಾವಿನ ದವಡೆ ಇಡೀ ಮೊಟ್ಟೆ ನುಂಗುವಷ್ಟು ಅಗಲಿಸುವಂಥದ್ದಲ್ಲ. ಮರಿ ಹೊರಬರುವುದನ್ನೇ ಕಾದು ಕೂತಿರಬೇಕು. ಅಷ್ಟರಲ್ಲಿ ಮರಳು ಮಣ್ಣು ಕುಸಿದು ಎಲ್ಲವನ್ನೂ ಮುಚ್ಚಿತು. ಯಾರು ಯಾರನ್ನು ತಿಂದರು ಎಂಬುದಕ್ಕೆ ಇಂಥ ಸಾಕ್ಷಿ ಪಳೆಯುಳಿಕೆಗಳಲ್ಲಿ ತೀರ ಅಪರೂಪ.

ಈ ಭಾಗದ ಚಿಪ್ಪುಗಳ ಇಂಗಾಲ ಮತ್ತು ಆಮ್ಲಜನಕದ ಐಸೊಟೋಪುಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ಅಳೆದ ಅಧ್ಯಯನ 1991ರಲ್ಲೇ ಬಂದಿದೆ. ತಾಯಿ ತಿಂದ ಸೊಪ್ಪಿನ ಬಗೆ, ಕುಡಿದ ನೀರಿನ ಗುರುತು ಚಿಪ್ಪಿನ ಸುಣ್ಣದಲ್ಲಿ ಉಳಿಯುತ್ತದೆ. ಬಿಸಿಲಿಗೆ ಆವಿಯಾಗುತ್ತಿದ್ದ ಹೊಂಡದ ನೀರಿನ ಗುರುತೂ ಅದರಲ್ಲಿತ್ತು.

ರಾತ್ರಿ ಲಾಡ್ಜಿನಲ್ಲಿ ಉಳಿದ ರೊಟ್ಟಿ ಮುರಿಯುತ್ತ ಅವಳ ಮುಖ್ಯ ಲೆಕ್ಕದ ಮಾತು ಬಂತು. ಒಣನಾಡಿನಲ್ಲಿ ಮಳೆ ಹೆಚ್ಚಿದಷ್ಟೂ ಸುಣ್ಣದ ಹರಳು ಕಟ್ಟುವುದು ಆಳಕ್ಕೆ ಇಳಿಯುತ್ತದೆ. ಹಾಗಾಗಿ ಹರಳಿನ ಆಳ ಅಳೆದರೆ ಹಳೆಯ ಮಳೆ ಅಂದಾಜಾಗುತ್ತದೆ.

"ಮ್ಯಾಲಿನ ಮಣ್ಣು ಕೊಚ್ಚಿ ಹೋಗಿದ್ರ? ಆಳ ಎಲ್ಲಿಂದ ಅಳೀತಿ?" ಎಂದೆ. ಸವಕಳಿಯಾದ ಹೊಲದಲ್ಲಿ ಹರಳು ಮೇಲೆಯೇ ಸಿಗುವುದನ್ನು ಎಷ್ಟು ಸಲ ನೋಡಿಲ್ಲ.

"ಅದಕ್ಕ ಗೂಡು ಬೇಕ್ರಿ ಮಾಮಾ. ಗುಂಡಿ ತೋಡಿದ್ದು ಆವತ್ತಿನ ನೆಲದಿಂದ. ಗುಂಡಿ ಅಂಚು ಸಿಕ್ಕಲ್ಲಿ ನೆಲ ಎಲ್ಲಿತ್ತು ಅಂತ ಗೊತ್ತಾಗ್ತದ." ಆಮೇಲೆ ಕೇಳಿದಳು: "ಹೋಲಿಸಾಕ ಇವತ್ತಿನ ಹೊಲ ಒಂದು ಬೇಕು. ನಮ್ಮ ಹೊಲದಾಗ ಗುಂಡಿ ತಗಸ್ತೀರೇನು?"

ವಿಜಯಪುರದ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಅದೂ ಕೆಲವೇ ತಿಂಗಳಲ್ಲಿ. ಅವಳು ಕೇಳಿದ್ದು ಸರಿಯಾದ ಜಾಗವನ್ನೇ. ಜೋಳ ಕಿತ್ತ ಮೇಲೆ ತೆಗೆಸುತ್ತೇನೆಂದು ಹೇಳಿದ್ದೇನೆ. ಅವಳು ಕೇಳಿದ್ದು ಒಂದು ಗುಂಡಿ, ನಾನು ಎರಡು ತೆಗೆಸುವವನಿದ್ದೇನೆ. ಒಂದು ಏರಿನಲ್ಲಿ, ಒಂದು ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗಿನಲ್ಲಿ. ಒಂದೇ ಮಳೆ ಬಿದ್ದರೂ ಆ ಎರಡು ಜಾಗಗಳಲ್ಲಿ ಹರಳು ಒಂದೇ ಆಳದಲ್ಲಿ ಸಿಗುವುದಿಲ್ಲ, ಮತ್ತು ಪಾಡಲ್ಯಾದ ಗೂಡುಗಳು ಏರಿನಲ್ಲಿದ್ದವೋ ತಗ್ಗಿನಲ್ಲಿದ್ದವೋ ಎಂದು ತೀರ್ಮಾನಿಸಲು ಅವಳಿಗೆ ಎರಡರ ಅಳತೆಯೂ ಬೇಕಾಗುತ್ತದೆ.